ಪಲ್ಪರ್ ಮೇಸ್ತ್ರಿಯ ಡೈರಿಯಲ್ಲಿ ಒಂದು ಬಾಕಿ: ಗೊತ್ತಿದ್ದವರು ತಿಳಿಸಿ

ಹೇಮಾವತಿ ದಂಡೆಯವಳು

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಕಡೆಯವಳು ನಾನು. ಪುಷ್ಯ ಮಳೆ ಹಿಡಿದ ವಾರದಲ್ಲಿ ನಮ್ಮ ತಂದೆ ತೀರಿಕೊಂಡರು. 81 ವರ್ಷ ವಯಸ್ಸಾಗಿತ್ತು, ಮಲಗಿದ್ದು ಮೂರೇ ದಿನ. ತಿಥಿಯ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅವರ ಪೆಟ್ಟಿಗೆ ತೆಗೆದು ಕೂತಿದ್ದೇನೆ. ಅದರಲ್ಲಿ ಸಿಕ್ಕಿದ ಒಂದು ಲೆಕ್ಕ ನನಗೆ ಬಿಡಿಸಲಾಗುತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಹೇಳಿದರೆ ಹಳೆಯ ತೋಟದವರಿಗೂ ಅವರ ಗುರುತು ಸಿಗಲಿಕ್ಕಿಲ್ಲ. ‘ಪಲ್ಪರ್ ಮೇಸ್ತ್ರಿ’ ಎಂದರೆ ಸಿಕ್ಕೀತು. ಎಡಗೈ ಹೆಬ್ಬೆರಳಿಗೆ ತುದಿ ಇರಲಿಲ್ಲ. ಹೆಗಲಿಗೆ ಖಾಕಿ ಚೀಲ, ಅದರ ಬಾಯಿಗೆ ಬಿಗಿದ ಸೈಕಲ್ ಟ್ಯೂಬಿನ ಪಟ್ಟಿ. ಹಣ್ಣು ಕೊಯ್ಲು ಶುರುವಾಗುವ ಮುಂಚೆ ತೋಟದಿಂದ ತೋಟಕ್ಕೆ ಹೋಗಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಸರಿಮಾಡುವುದು, ತಾಮ್ರದ ತಗಡು ಸವೆದಿದ್ದರೆ ಬದಲಿಸುವುದು, ಇಂಜಿನ್ ಬಿಚ್ಚಿ ಕಟ್ಟುವುದು, ಕೊಯ್ಲು ಮುಗಿದ ಮೇಲೆ ಸ್ಪ್ರಿಂಕ್ಲರಿನ ಪಂಪುಗಳನ್ನು ನೋಡುವುದು. ಇದೇ ಅವರ ಕಸುಬು. ಕಾಫಿ ಬೆಳೆಯುವ ಕಡೆ ಅವರು ಕಾಲಿಡದ ಜಾಗ ಕಡಿಮೆ. ನಮ್ಮ ಎರಡು ಜಿಲ್ಲೆ ಮತ್ತು ಕೊಡಗು ಬಿಡಿ, ಏರ್ಕಾಡು, ವಾಲ್ಪಾರೈ, ನೆಲ್ಲಿಯಾಂಪತಿ, ಕೊನೆಗೆ ಆಂಧ್ರದ ಅರಕು. ವಯನಾಡಿಗೂ ಹೋಗಿದ್ದರು, ಆದರೆ ‘ಅಲ್ಲಿಯವರು ರೋಬಸ್ಟಾ ಹಣ್ಣನ್ನು ಹಾಗೆಯೇ ಒಣಗಿಸುತ್ತಾರೆ, ನನಗೇನು ಕೆಲಸ’ ಎಂದು ಬೇಗ ಹಿಂತಿರುಗಿದರು.

ಪೆಟ್ಟಿಗೆಯಲ್ಲಿ 1971ರಿಂದ 2009ರವರೆಗಿನ ಜೇಬು ಡೈರಿಗಳಿವೆ. ಯಾವ ತೋಟದ ಹೆಸರನ್ನೂ ಪೂರ್ತಿ ಬರೆದಿಲ್ಲ. ಬದಲಿಗೆ ಇಂಥವು:

‘ಕೊಟ್ಟಿಗೆಹಾರದ ಕೆಳಗೆ. ನೀರು ಸಾಲದು. ಊಟ ಒಳ್ಳೆಯದು. ನಾಯಿ ಕೆಟ್ಟದ್ದು.’

‘ಹಾನುಬಾಳು ದಾಟಿ ಎಡಕ್ಕೆ. ಇಂಜಿನ್ ಸರಿ ಇದೆ, ರೈಟರು ಸರಿ ಇಲ್ಲ.’ (ರೈಟರು ಎಂದರೆ ತೋಟದ ಲೆಕ್ಕ, ಆಳು ನೋಡುವವರು.)

‘ಆಲ್ದೂರು. ಅಜ್ಜಿ ತೀರಿಕೊಂಡಿದ್ದಾರೆ. ಇನ್ನು ಅಲ್ಲಿ ಕಡುಬು ಇಲ್ಲ.’

ಓದುತ್ತಾ ನಕ್ಕೆ, ಅತ್ತೆ. ಆದರೆ 1984ರ ಡೈರಿಗೆ ಬಂದಾಗ ನಗು ನಿಂತಿತು. ಜನವರಿ ಪುಟದಲ್ಲಿ ‘ಮಾಗುಂಡಿ ಆಚೆ. ಬಾಕಿ 8’ ಎಂದಿದೆ. ಕೆಳಗೆ ಎರಡು ಗೆರೆ. 1985ರಲ್ಲಿ ‘ಬಾಕಿ 7’. ಮರುವರ್ಷ 6. ಹೀಗೆ ಇಳಿಯುತ್ತಾ ಬಂದು 1992ರಲ್ಲಿ ‘ಚುಕ್ತಾ’.

ಎಂಟು ವರ್ಷ! ಕೂಲಿಯ ಹಣವನ್ನು ಒಬ್ಬ ಕಸುಬುದಾರನಿಗೆ ಎಂಟು ವರ್ಷ ಕಂತಿನಲ್ಲಿ ಕೊಟ್ಟ ಆ ತೋಟದ ಮಾಲೀಕರು ಯಾರು ಎಂದು ತಿಳಿಯುವ ಆಸೆ ನನಗಿದೆ. ಜಗಳಕ್ಕಲ್ಲ. ಈಗ ಯಾರ ಮೇಲೆ ಜಗಳ? ಆದರೆ ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಜನವರಿ ತಿಂಗಳು ಹೇಗೆ ಸಾಗುತ್ತಿತ್ತು ಎನ್ನುವುದು ನನಗೆ ನೆನಪಿದೆ. ಅಪ್ಪನನ್ನು ಕಂಡವರು ಇದ್ದರೆ ಬೇರೆ ನೆನಪುಗಳನ್ನೂ ಬರೆಯಿರಿ. ಅಮ್ಮನಿಗೆ ಓದಿ ಹೇಳುತ್ತೇನೆ.

ಕಣದ ಗೌಡ

ಅಮ್ಮಾ, ನಿಮ್ಮ ತಂದೆಯವರನ್ನು ಚೆನ್ನಾಗಿ ಬಲ್ಲೆ. ನಮ್ಮದು ಮೂಡಿಗೆರೆ ತಾಲ್ಲೂಕು. ಆ ಕೆಟ್ಟ ನಾಯಿ ನಮ್ಮದೇ ಇರಬೇಕು, ಕ್ಷಮಿಸಿ.

ಈಗಿನ ಹುಡುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಲ್ಪರಿನ ಡ್ರಮ್ಮಿಗೆ ತಾಮ್ರದ ತಗಡು ಸುತ್ತಿರುತ್ತದೆ, ಅದರ ಮೈತುಂಬ ಸಣ್ಣ ಸಣ್ಣ ಉಬ್ಬುಗಳು. ಎದುರಿಗೆ ಎರಕದ ಪಟ್ಟಿ. ಹಣ್ಣು ಇವೆರಡರ ಸಂದಿನಲ್ಲಿ ಸಿಕ್ಕಿ ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ ಹೋಗಬೇಕು. ಸಂದು ಸಡಿಲವಾದರೆ ಹಣ್ಣು ಇದ್ದ ಹಾಗೆಯೇ ಕೆಳಗೆ ಬೀಳುತ್ತದೆ. ಬಿಗಿಯಾದರೆ ಬೀಜ ಕಚ್ಚುತ್ತದೆ, ಕಚ್ಚಿದ ಬೀಜ ತೊಟ್ಟಿಯಲ್ಲಿ ಹುಳಿಬಂದು ಇಡೀ ಮಾಲಿಗೆ ವಾಸನೆ ಹಿಡಿಸುತ್ತದೆ. ಮೊದಲ ಕೊಯ್ಲಿನ ಹಣ್ಣು ಒಂದು ಗಾತ್ರ, ನಡುವಿನದು ಇನ್ನೊಂದು, ಕೊನೆಯದು ಮತ್ತೊಂದು. ಹಾಗಾಗಿ ಒಮ್ಮೆ ಕೂರಿಸಿ ಮರೆಯುವ ಯಂತ್ರವಲ್ಲ ಇದು.

ಬೇರೆ ಫಿಟ್ಟರುಗಳು ಅಳತೆಪಟ್ಟಿ ತರುತ್ತಿದ್ದರು. ಮೇಸ್ತ್ರಿ ಜೇಬಿನಿಂದ ಒಂದು ಅಂಚೆ ಕಾರ್ಡು ತೆಗೆಯುತ್ತಿದ್ದರು. ಅದನ್ನು ಸಂದಿಗೆ ಇಳಿಬಿಟ್ಟು, ಡ್ರಮ್ಮನ್ನು ಕೈಯಲ್ಲಿ ನಿಧಾನ ತಿರುಗಿಸಿ, ಕಿವಿ ಹತ್ತಿರ ಹಿಡಿದು ಕೇಳುತ್ತಿದ್ದರು. ಕಾರ್ಡು ಉಜ್ಜಬೇಕು, ಹರಿಯಬಾರದು. ಆಮೇಲೆ ಒಂದು ಬುಟ್ಟಿ ಹಣ್ಣು ಬಿಡಿಸಿ, ನೀರಿನೊಳಗಿಂದ ಒಂದು ಬೊಗಸೆ ಬೀಜ ಎತ್ತಿ ಹೆಬ್ಬೆರಳಿನಲ್ಲಿ (ಆ ಮೋಟು ಹೆಬ್ಬೆರಳಿನಲ್ಲೇ) ಒಂದೊಂದನ್ನೂ ಸವರಿ ನೋಡುತ್ತಿದ್ದರು. ಬೊಗಸೆಯಲ್ಲಿ ಎರಡು ಕಚ್ಚಿದ ಬೀಜ ಸಿಕ್ಕಿದರೆ ಮತ್ತೆ ಬಿಚ್ಚುತ್ತಿದ್ದರು. ಸಾಕು ಬಿಡಿ ಮೇಸ್ತ್ರಿ, ಕತ್ತಲಾಯಿತು ಎಂದರೆ ಉತ್ತರವೇ ಇಲ್ಲ.

ಆ ಕಾರ್ಡಿನ ಮೇಲೆ ಬರಹ ಇರುತ್ತಿತ್ತು. ಹೆಂಗಸರ ಅಕ್ಷರ. ಹೊಸ ಕಾರ್ಡು ಕೊಡಿಸಲೇ ಎಂದು ಒಮ್ಮೆ ಕೇಳಿದ್ದೆ. ‘ಖಾಲಿ ಕಾರ್ಡು ಮೆತ್ತಗಿರುತ್ತದೆ’ ಎಂದರು. ಅದು ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು.

ಮಾಗುಂಡಿಯ ವಿಷಯ ನನಗೆ ತಿಳಿಯದು. ಬಾಳೆಹೊನ್ನೂರಿನವರು ಹೇಳಬೇಕು.

ಹೇಮಾವತಿ ದಂಡೆಯವಳು

ಗೌಡರೇ, ನಿಮ್ಮ ಬರಹ ಓದಿ ಎದ್ದು ಹೋಗಿ ಅಮ್ಮನ ಟ್ರಂಕು ತೆಗೆದೆ. ಅಪ್ಪ ಹೊತ್ತು ತರುತ್ತಿದ್ದ ಹಳೆಯ ಕಾರ್ಡುಗಳ ಕಟ್ಟು ಅಲ್ಲಿದೆ. ಎಲ್ಲಕ್ಕೂ ಒಂದು ಅಂಚಿನಲ್ಲಿ ಚುಕ್ಕಿ ಚುಕ್ಕಿ ತಗ್ಗು. ಜಿರಲೆ ತಿಂದದ್ದು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆವು.

ಮನೆ ಬಿಡುವ ಹಿಂದಿನ ರಾತ್ರಿ ಅವರು ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು, ಯಾವ ತಾರೀಖಿಗೆ ಯಾವ ಅಂಚೆ ಎಂದು. ಅಮ್ಮ ಅದನ್ನು ನೋಡಿಕೊಂಡು ಮುಂದಿನ ಊರಿಗೆ ಕಾರ್ಡು ಹಾಕುತ್ತಿದ್ದರು. 15 ಪೈಸೆಯ ಕಾರ್ಡು. ಅರ್ಧ ಕಾರ್ಡು ದನದ ವಿಷಯ, ಕಾಲು ಭಾಗ ನಮ್ಮ ಮೇಲಿನ ದೂರು, ಮಿಕ್ಕದ್ದು ‘ಸ್ನಾನಕ್ಕೆ ಬಿಸಿನೀರು ಕೇಳಿ ಹಾಕಿಸಿಕೊಳ್ಳುವುದು’.

ಕೊಪ್ಪದ ನಿವೃತ್ತ ಕಂಡಕ್ಟರ್

ಸಹಕಾರ ಸಾರಿಗೆಯಲ್ಲಿ ಇದ್ದವನು ನಾನು. 1991ರಲ್ಲಿ ಕೆಲಸಗಾರರೇ ಸೇರಿ ಕಟ್ಟಿದ ಸಂಸ್ಥೆ, 2020ರಲ್ಲಿ ನಿಂತುಹೋಯಿತು. ಅದರ ಕಥೆ ಬೇರೆ, ಇಲ್ಲಿ ತೆಗೆಯುವುದಿಲ್ಲ.

ಗೋಣಿ ಸುತ್ತಿದ ಡ್ರಮ್ಮನ್ನು ಬಸ್ಸಿನ ಟಾಪಿಗೆ ಹಾಕಲು ಅವರು ಯಾವತ್ತೂ ಒಪ್ಪಿದವರಲ್ಲ. ಒಳಗೇ ಇಟ್ಟುಕೊಂಡು, ಅದಕ್ಕೂ ಒಂದು ಟಿಕೆಟ್ ಹರಿಯಿರಿ ಎನ್ನುತ್ತಿದ್ದರು. ‘ಮೇಲೆ ಹಾಕಿದರೆ ತಿರುವಿನಲ್ಲಿ ಉರುಳುತ್ತದೆ, ಒಂದು ಉಬ್ಬು ತಗ್ಗಾದರೆ ನನ್ನ ಮೂರು ದಿನದ ಕೆಲಸ ಹೋಯಿತು.’ ಸೀಟು ಕೇಳಿದ ಹೆಂಗಸರಿಗೆ ತಾವು ಎದ್ದು ಕೊಡುತ್ತಿದ್ದರು, ಡ್ರಮ್ಮನ್ನು ಎಬ್ಬಿಸುತ್ತಿರಲಿಲ್ಲ!

ಸಂಸ್ಥೆ ಶುರುವಾದ ಮರುವರ್ಷ, ಚಳಿಗಾಲ. ಬಾಳೆಹೊನ್ನೂರಿನ ಬಸ್ ನಿಲ್ದಾಣದಲ್ಲಿ ನನಗೂ ಡ್ರೈವರಿಗೂ ಕಾಫಿ, ಗೋಳಿಬಜೆ ಕೊಡಿಸಿದರು. ಅಷ್ಟು ಕೈಬಿಚ್ಚಿ ಖರ್ಚು ಮಾಡುವ ಆಳಲ್ಲ ಅವರು. ಏನು ಮೇಸ್ತ್ರಿ, ಮಗಳ ಮದುವೆಯೇ ಎಂದೆ. ‘ಸಾಲ ತೀರಿತು’ ಎಂದರು. ತಾಯಿ, ನಿಮ್ಮ ಡೈರಿಗೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ. ನೆನಪಾದದ್ದು ಬರೆದೆ.

ಹೇಮಾವತಿ ದಂಡೆಯವಳು

ಸಾಲವೇ? ಅಪ್ಪ ಅಂಗಡಿಯಲ್ಲಿ ಬೆಂಕಿಪೊಟ್ಟಣವನ್ನೂ ಸಾಲ ತಂದವರಲ್ಲ. ನಿಮಗೆ ಬೇರೆ ಯಾರದೋ ನೆನಪು ಸೇರಿಕೊಂಡಿರಬೇಕು ಅಣ್ಣ. ಬೇಸರ ಮಾಡಿಕೊಳ್ಳಬೇಡಿ.

ಲೇತ್ ಮನೆ

ಹಾಸನದಲ್ಲಿ ಲೇತ್ ಇಟ್ಟುಕೊಂಡಿದ್ದೇನೆ. ಮೇಸ್ತ್ರಿ ಶಾಫ್ಟು ತರುತ್ತಿದ್ದರು. ಎಲ್ಲರೂ ಹೊಗಳುವುದನ್ನು ನೋಡಿ ಒಂದು ಮಾತು ಹೇಳದೆ ಇರಲಾರೆ. ಅವರಷ್ಟು ತಲೆ ತಿನ್ನುವ ಗಿರಾಕಿ ನನಗೆ ಇನ್ನೊಬ್ಬರಿಲ್ಲ. ಒಂದು ಬುಷ್ ಮಾಡಿಸಿಕೊಳ್ಳಲು ನಾಲ್ಕು ಸಲ ವಾಪಸು. ಕೂದಲೆಳೆ ಅಷ್ಟು ಹೆಚ್ಚು, ಕೂದಲೆಳೆ ಅಷ್ಟು ಕಡಿಮೆ. ನನ್ನ ಹುಡುಗರು ಅವರು ಗೇಟಿಗೆ ಬಂದರೆ ಹಿಂದಿನ ಬಾಗಿಲಿನಿಂದ ಟೀಗೆ ಹೋಗುತ್ತಿದ್ದರು.

ದುಡ್ಡು ಮಾತ್ರ ಅಲ್ಲೇ ಆಗಲೇ.

ಆನೆಕೆರೆ ಬೀದಿ

ಈ ಕೈ ಪಲ್ಪರ್, ಡ್ರಮ್ ಪಲ್ಪರ್ ಈಗ ಯಾರಿಗೆ ಬೇಕು? ನೀರೂ ಬಹಳ, ಆ ಕೊಳೆನೀರು ಹಳ್ಳಕ್ಕೆ ಸೇರಿದರೆ ಮೀನು ಸಾಯುತ್ತದೆ. ಕಡಿಮೆ ನೀರಿನ ಹೊಸ ಯಂತ್ರಗಳು ಬಂದಿವೆ. ಹಳೆಯದಕ್ಕೆ ಹಾಡು ಹಾಡುವುದು ಏಕೆ?

ಕಣದ ಗೌಡ

ಯಂತ್ರಕ್ಕೆ ಹಾಡುತ್ತಿಲ್ಲ ಸ್ವಾಮಿ, ಮನುಷ್ಯನನ್ನು ನೆನೆಯುತ್ತಿದ್ದೇವೆ. ಕೊಳೆನೀರಿನ ಮಾತು ನಿಜ. ಅದನ್ನು ಮೇಸ್ತ್ರಿಯೇ ನಮಗೆ ಹೇಳಿ ಹೊಂಡ ತೆಗೆಸಿದ್ದರು, ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸು ಬರುವ ಎಷ್ಟೋ ಮುಂಚೆ. ‘ನೀವು ಬಿಟ್ಟ ನೀರು ನನ್ನ ಮನೆಯ ಮುಂದೆ ಹರಿಯುತ್ತದೆ’ ಎನ್ನುತ್ತಿದ್ದರು. ಹೇಮಾವತಿ ಹುಟ್ಟುವುದು ನಮ್ಮ ತಾಲ್ಲೂಕಿನ ಜಾವಳಿಯಲ್ಲಿ, ಹರಿಯುವುದು ಸಕಲೇಶಪುರದ ಮೇಲೆಯೇ ತಾನೆ.

ಹೇಮಾವತಿ ದಂಡೆಯವಳು

ಎಲ್ಲರೂ ಊರೂರು ಸುತ್ತಿದ ಅಪ್ಪನ ಬಗ್ಗೆ ಬರೆಯುತ್ತಿದ್ದೀರಿ. ನನಗೆ ಗೊತ್ತಿರುವುದು ಮಳೆಗಾಲದ ಅಪ್ಪ.

ಕಾರ್ತಿಕ ಕಳೆಯುವ ಹೊತ್ತಿಗೆ ಹೊರಟರೆ ಅವರು ಮನೆಗೆ ಬರುತ್ತಿದ್ದುದು ಯುಗಾದಿಗೆ. ನಡುವೆ ಎರಡು ಸಲವೋ ಮೂರು ಸಲವೋ ಬಂದರೂ ಬಟ್ಟೆ ಒಣಗುವವರೆಗೆ ಮಾತ್ರ. ಸಕಲೇಶ್ವರ ಸ್ವಾಮಿಯ ತೇರನ್ನು ಅವರ ಹೆಗಲ ಮೇಲೆ ಕೂತು ನಾನು ನೋಡಿದ್ದೇ ಇಲ್ಲ, ಮಾವನ ಹೆಗಲ ಮೇಲೆ ನೋಡಿದ್ದು. ಆದರೆ ಆರಿದ್ರಾ ಹಿಡಿದು ಘಟ್ಟದ ಮೇಲೆ ಯಾವ ತೋಟದಲ್ಲೂ ಮಿಷನ್ನಿನ ಕೆಲಸ ಇಲ್ಲ ಎಂದಾಗ ಅಪ್ಪ ಪೂರ್ತಿ ನಮ್ಮವರು. ಬೇರೆ ಮಕ್ಕಳಿಗೆ ಬೇಸಿಗೆ ರಜೆ ಎಂದರೆ ಹೇಗೋ ನಮಗೆ ಪುನರ್ವಸು, ಪುಷ್ಯ, ಆಶ್ಲೇಷ ಹಾಗೆ.

ಬಚ್ಚಲ ಒಲೆಯ ಮುಂದೆ ಕೂರಿಸಿಕೊಂಡು ನಮ್ಮಿಬ್ಬರು ಹೆಣ್ಣುಮಕ್ಕಳ ತಲೆ ಬಾಚುತ್ತಿದ್ದರು. ಉಗುರಿನ ಸಂದಿನ ಇಂಜಿನ್ ಎಣ್ಣೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಬೈತಲೆ ಮಾತ್ರ ನೂಲು ಹಿಡಿದ ಹಾಗೆ ನೇರ. ಒಂದು ಕೂದಲು ಅತ್ತಿತ್ತ ಆದರೆ ಪೂರ್ತಿ ಬಿಚ್ಚಿ ಮತ್ತೆ. ಶಾಲೆಗೆ ಹೊತ್ತಾಯಿತು ಎಂದು ನಾನು ಅಳುತ್ತಿದ್ದೆ. (ಲೇತ್ ಮನೆಯವರೇ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ.) ಸವೆದ ತಾಮ್ರದ ತಗಡಿನಲ್ಲಿ ಆಟದ ತಟ್ಟೆ, ಲೋಟ, ಒಂದು ಪುಟ್ಟ ಒಗ್ಗರಣೆ ಸೌಟು ಕೂಡ ಮಾಡಿಕೊಟ್ಟಿದ್ದರು. ಸೌಟು ಈಗಲೂ ಇದೆ, ನನ್ನ ಮೊಮ್ಮಗಳ ಹತ್ತಿರ.

ಶಾಲೆಯಿಂದ ಬರುವಾಗ ಗದ್ದೆಯ ಬದುವಿನವರೆಗೆ ಎದುರು ಬಂದು, ಕಾಲಿಗೆ ಹತ್ತಿದ ಇಂಬಳಗಳನ್ನು ಸುಣ್ಣ ಮುಟ್ಟಿಸಿ ಬಿಡಿಸುತ್ತಿದ್ದರು. ಕಳಲೆ ಹೆಚ್ಚುವುದು, ನೀರು ಬದಲಿಸುವುದು ಅವರದೇ ಕೆಲಸ. ಅಮ್ಮ ಆ ಮೂರು ತಿಂಗಳು ಹಾಸಿಗೆಯಿಂದ ತಡವಾಗಿ ಏಳುತ್ತಿದ್ದರು. ವರ್ಷದಲ್ಲಿ ಆ ಮೂರು ತಿಂಗಳು ಮಾತ್ರ.

ಹಿರಿಯವನು

ಮೇಲೆ ಬರೆಯುತ್ತಿರುವವಳು ನನ್ನ ತಂಗಿ. ನಾನು ಬೆಂಗಳೂರಿನಲ್ಲಿದ್ದೇನೆ. ಈ ಕೊಂಡಿಯನ್ನು ಮಗ ತೋರಿಸಿದ.

ತಂಗೀ, ನೀನು ಬರೆದದ್ದೆಲ್ಲ ನಿಜ. ಆದರೆ ಅರ್ಧ ನಿಜ. ಪ್ರತಿ ವರ್ಷ ಜನವರಿಯಲ್ಲಿ ಬರುತ್ತಿದ್ದ ಮನಿ ಆರ್ಡರ್ ಅರ್ಧಕ್ಕೆ ಇಳಿದದ್ದು ಯಾವಾಗಿನಿಂದ ಎಂದು ನಿನಗೆ ನೆನಪಿರಲಿಕ್ಕಿಲ್ಲ, ನನಗಿದೆ. 1986ರಲ್ಲಿ ನನ್ನ ಹಾಸ್ಟೆಲಿನ ಬಾಕಿ, ಪಿಯುಸಿ ಪರೀಕ್ಷೆಯ ಶುಲ್ಕ ಎರಡೂ ಒಟ್ಟಿಗೆ ಬಂತು. ಅಮ್ಮ ಬೆಂಡೋಲೆ ಅಡವಿಟ್ಟರು. ಆ ತಿಂಗಳು ಅಪ್ಪನಿಂದ ಬಂದದ್ದು ಅರ್ಧ ಹಣ, ಜೊತೆಗೆ ಒಂದು ಕಾಗದದ ಪೊಟ್ಟಣದಲ್ಲಿ ಏಲಕ್ಕಿ. ಏಲಕ್ಕಿ! ಮನೆಯೆಲ್ಲ ಘಮಘಮ. ಶುಲ್ಕ ಕಟ್ಟುವ ಕಿಟಕಿಯಲ್ಲಿ ಏಲಕ್ಕಿ ತೆಗೆದುಕೊಳ್ಳುವುದಿಲ್ಲ.

ಕೇಳಿದ್ದಕ್ಕೆ ಅಪ್ಪ ಹೇಳಿದ್ದು ಒಂದೇ ಮಾತು: ‘ಈ ಸಲ ಅಷ್ಟೇ ಆಯಿತು.’ ನಾನು ಅವರ ಜೊತೆ ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಎಲ್ಲವೂ ಸರಿಹೋಯಿತು, ಕೊನೆಯ ವರ್ಷಗಳಲ್ಲಿ ನನ್ನ ಮನೆಯಲ್ಲೇ ಆರು ತಿಂಗಳು ಇದ್ದರು. ಆದರೂ ಮನೆಯವರೆಂದರೆ ಪ್ರಾಣ ಎಂದು ಎಲ್ಲರೂ ಬರೆಯುವಾಗ ನನಗೆ ಆ ಕಿಟಕಿ ನೆನಪಾಗುತ್ತದೆ. ಹಣ ಕೊಡದೆ ಸತಾಯಿಸಿದ ಆ ಮಾಲೀಕರು ಸಿಕ್ಕಿದರೆ ನನಗೂ ಒಂದು ಮಾತು ಕೇಳುವುದಿದೆ.

ಚಿಂತಪಲ್ಲಿಯಲ್ಲಿದ್ದವನು

ನಾನು ಕಾಫಿ ಮಂಡಳಿಯ ನಿವೃತ್ತ ನೌಕರ. ಚಿಕ್ಕಮಗಳೂರಿನವನಾದರೂ ಸೇವೆಯ ಬಹುಪಾಲು ಕಳೆದದ್ದು ಆಂಧ್ರದ ಗುಡ್ಡಗಳಲ್ಲಿ. ಅಣ್ಣತಂಗಿಯ ನಡುವೆ ಬಾಯಿ ಹಾಕುವುದಿಲ್ಲ. ಅರಕಿನ ಪ್ರಸ್ತಾಪ ಬಂದದ್ದಕ್ಕೆ ಮಾತ್ರ ಬರೆಯುತ್ತೇನೆ.

1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿ ಬೆಲೆ ಏರಿತಲ್ಲ, ಇಲ್ಲಿ ಮುಕ್ತ ಮಾರುಕಟ್ಟೆಯೂ ಆಗಷ್ಟೇ ತೆರೆದುಕೊಳ್ಳುತ್ತಿತ್ತು. ಆಗ ಮೇಸ್ತ್ರಿಯಂಥವರಿಗೆ ನಿದ್ದೆಗೆ ಬಿಡುವಿರಲಿಲ್ಲ. ಆಮೇಲೆ 2001ರ ಸುಮಾರಿಗೆ ಬೆಲೆ ನೆಲಕಚ್ಚಿತು. ತೋಟದವರು ಗೊಬ್ಬರಕ್ಕೇ ಹಣವಿಲ್ಲ ಎನ್ನುವಾಗ ಪಲ್ಪರಿಗೆ ಹೊಸ ತಗಡು ಯಾರು ಹಾಕಿಸುತ್ತಾರೆ? ಆ ದಿನಗಳಲ್ಲಿ ಅವರು ನಮ್ಮ ಕಡೆ ಬಂದದ್ದು. ವಯಸ್ಸು ಅರವತ್ತರ ಹತ್ತಿರ. ಅಲ್ಲಿ ಗುಡ್ಡದ ಜನರ ಬಳಿ ಇದ್ದದ್ದು ಕೈಯಲ್ಲಿ ತಿರುಗಿಸುವ ಸಣ್ಣ ಪಲ್ಪರುಗಳು. ಅವರಿಗೆ ತೆಲುಗು ಬಾರದು, ಆ ಜನರಿಗೆ ಕನ್ನಡ ಬಾರದು. ‘ಮೆಲ್ಲಗಾ’ ಎಂಬ ಒಂದೇ ಪದ ಕಲಿತು ಎರಡು ತಿಂಗಳು ಸಾಗಿಸಿದರು. ಜೋರಾಗಿ ತಿರುಗಿಸುವ ಹುಡುಗರ ಕೈಮೇಲೆ ಕೈಯಿಟ್ಟು, ಮೆಲ್ಲಗಾ, ಮೆಲ್ಲಗಾ. ಮಕ್ಕಳು ಅವರಿಗೆ ಮೆಲ್ಲಗಾ ತಾತ ಎಂದೇ ಹೆಸರಿಟ್ಟಿದ್ದರು.

ಅಷ್ಟು ದೂರದಿಂದ ಮನೆಗೆ ಫೋನು ಮಾಡಲು ಬೆಟ್ಟ ಇಳಿದು ಎಸ್‌ಟಿಡಿ ಬೂತಿಗೆ ಹೋಗಬೇಕಿತ್ತು. ಪ್ರತಿ ಭಾನುವಾರ ಹೋಗುತ್ತಿದ್ದರು. ಮೀಟರ್ ನೋಡುತ್ತಾ ಮಾತಾಡುತ್ತಿದ್ದರು, ಮೊದಲ ಪ್ರಶ್ನೆ ಯಾವಾಗಲೂ ‘ಹಸು ಹಾಲು ಕೊಡುತ್ತಿದೆಯೇ’.

ಭದ್ರೆಯ ಆಚೆ

ಮೂರು ದಿನದಿಂದ ಈ ಚರ್ಚೆಯನ್ನು ಓದುತ್ತಿದ್ದೇನೆ, ಬರೆಯಬೇಕೋ ಬೇಡವೋ ಎಂದು. ಅಕ್ಕ, ‘ಮಾಗುಂಡಿ ಆಚೆ’ ಎಂದರೆ ನಮ್ಮ ಮನೆ. ನಾನು ಮೊಮ್ಮಗ. ಈ ವಿಷಯ ನನಗೆ ತಂದೆಯಿಂದ ಗೊತ್ತು, ತಂದೆಯೇ ಆಗ ತೋಟ ನೋಡುತ್ತಿದ್ದರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯುತ್ತಿದ್ದೇನೆ.

ಬಾಕಿ ಇದ್ದದ್ದು ನಮ್ಮದಲ್ಲ. ನಿಮ್ಮ ತಂದೆಯವರದು.

1983ರ ಜನವರಿ. ನಮ್ಮಲ್ಲಿ ಆಗ ಮೂರು ಪಲ್ಪರ್, ಮೇಸ್ತ್ರಿಗೆ ಒಟ್ಟು ಹತ್ತು ಹನ್ನೆರಡು ದಿನದ ಕೆಲಸ. ಅವರ ಕ್ರಮ ಏನೆಂದರೆ ಕೂರಿಸಿದ ಮೇಲೆ ಎರಡು ದಿನ ಇದ್ದು ಹಣ್ಣು ಬಿಡಿಸುವುದನ್ನು ಕಣ್ಣಾರೆ ನೋಡಿಯೇ ಹೊರಡುವುದು. ಆ ಸಲ ದೊಡ್ಡ ಮಿಷನ್ನನ್ನು ಕೂರಿಸಿದ ಸಂಜೆಯೇ ಬಾಳೆಹೊನ್ನೂರಿನಿಂದ ಅವರಿಗೆ ಒಂದು ತಂತಿ ಬಂತು. ಓದಿ ಮಡಚಿ ಜೇಬಿಗೆ ಇಟ್ಟುಕೊಂಡರಂತೆ. ಊಟ ಮಾಡದೆ ಹೊರಟರು. ಜೀಪು ಕಳಿಸುತ್ತೇನೆ ಎಂದು ಅಜ್ಜ ಒಳಗಿಂದ ಬರುವಷ್ಟರಲ್ಲಿ ಗೇಟು ದಾಟಿದ್ದರು.

ಸಂದನ್ನು ಅವರು ಹೊಂದಿಸಿದ್ದು ಮೇಲಿನ ಏರಿನ ಸಣ್ಣ ಹಣ್ಣಿಗೆ. ಮರುದಿನ ರೈಟರು ಕೊಯ್ಲಿನ ಆಳುಗಳನ್ನು ಹಳ್ಳದ ಪಕ್ಕದ ತಾಕಿಗೆ ಬಿಟ್ಟರು. ಅಲ್ಲಿ ನೀರು ಹೆಚ್ಚು, ಹಣ್ಣು ದಪ್ಪ. ಎರಡು ದಿನ ಹಾಗೆಯೇ ಓಡಿತು. ಯಾರೂ ಬೊಗಸೆ ಎತ್ತಿ ನೋಡಲಿಲ್ಲ. ಕಣದಲ್ಲಿ ಒಣಗಿದ ಮೇಲೆ ಪಾರ್ಚ್‌ಮೆಂಟಿನಲ್ಲಿ (ಹೊಟ್ಟು ಸಮೇತದ ಬೀಜದಲ್ಲಿ) ಕಚ್ಚು ಕಾಣುವುದೂ ಕಷ್ಟ. ಆಗ ಬೆಳೆದದ್ದೆಲ್ಲವೂ ಕಾಫಿ ಮಂಡಳಿಯ ಪೂಲಿಗೆ (ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೆ) ಹೋಗಬೇಕಿತ್ತು, ಕ್ಯೂರಿಂಗ್ ಆಗಿ (ಹೊಟ್ಟು ತೆಗೆದು ದರ್ಜೆ ವಿಂಗಡಿಸಿ) ಲೆಕ್ಕ ಕೈಗೆ ಬರಲು ತಿಂಗಳುಗಟ್ಟಲೆ. ಬಂದಾಗ ಎಂಟು ಮೂಟೆ ಮಾಲು ಕೆಳದರ್ಜೆಗೆ ಬಿದ್ದಿತ್ತು.

ಮರುವರ್ಷ ಮೇಸ್ತ್ರಿ ಬಂದಾಗ ಅಜ್ಜ ಇದನ್ನು ದೂರಾಗಿ ಹೇಳಲಿಲ್ಲ. ಊಟಕ್ಕೆ ಕೂತಾಗ ನಗುತ್ತಾ ಮಾತಿಗೆ ಮಾತು ಬಂತು, ಅಷ್ಟೇ. ಮೇಸ್ತ್ರಿ ಅನ್ನದ ಮುಂದೆ ಕೈ ಕಟ್ಟಿಕೊಂಡು ಕೂತುಬಿಟ್ಟರಂತೆ. ಆ ವರ್ಷದ ಕೂಲಿಯನ್ನು ರೈಟರು ಮುಂಗಡವಾಗಿಯೇ ಕೊಟ್ಟಾಗಿತ್ತು, ಅದು ನಿಮ್ಮ ಮನೆಗೆ ಮನಿ ಆರ್ಡರ್ ಆಗಿ ಹೋಗಿಯೂ ಆಗಿತ್ತು. ‘ಮುಂದಿನ ವರ್ಷದಿಂದ ವರ್ಷಕ್ಕೆ ಒಂದು ಮೂಟೆ’ ಎಂದರು. ಅಜ್ಜ ಬೈದರು, ತಪ್ಪು ರೈಟರದು ಎಂದರು, ದೇವರ ಮೇಲೆ ಆಣೆ ಹಾಕಿದರು. ಕೇಳಲಿಲ್ಲ. ಎಂಟು ವರ್ಷ ಬಂದು, ಹನ್ನೆರಡು ದಿನ ದುಡಿದು, ಬಸ್ ಚಾರ್ಜು ಕೂಡ ಮುಟ್ಟದೆ ಹೋದರು. ಹಣ ಮುಟ್ಟುವುದಿಲ್ಲ ಎಂದು ಗೊತ್ತಾದ ಮೇಲೆ ಅಜ್ಜಿ ಮಕ್ಕಳಿಗೆ ಎಂದು ಹೇಳಿ ಏಲಕ್ಕಿ ಕಟ್ಟಿಕೊಡುತ್ತಿದ್ದರು. ಅದನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು.

ಅಣ್ಣಾವ್ರೇ, ನೀವು ಬರೆದ ಏಲಕ್ಕಿಯ ಮಾತನ್ನು ತಂದೆಗೆ ಓದಿ ಹೇಳಿದೆ. ಅವರು ಎದ್ದು ಹೊರಗೆ ಹೋದರು. ಪರೀಕ್ಷೆಯ ಶುಲ್ಕದ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಜ್ಜ ತಾವೇ ಬಂದು ಕಟ್ಟುತ್ತಿದ್ದರು.

ಕೊಪ್ಪದ ನಿವೃತ್ತ ಕಂಡಕ್ಟರ್

ನನ್ನ ನೆನಪು ಬೇರೆ ಯಾರದೋ ಅಲ್ಲ ಎಂದಾಯಿತು.

ಹೇಮಾವತಿ ದಂಡೆಯವಳು

ಅಣ್ಣ, ಕಂಡಕ್ಟರ್ ಅಣ್ಣ, ಇಬ್ಬರಲ್ಲೂ ಕ್ಷಮೆ ಕೇಳುತ್ತೇನೆ. ಮಾಗುಂಡಿಯವರಲ್ಲಿ ಎರಡು ಸಲ.

ಇದನ್ನು ಹೇಗೆ ಹೇಳುವುದು ಎಂದು ಯೋಚಿಸುತ್ತಾ ಅಮ್ಮನ ಹತ್ತಿರ ಹೋದೆ. ಬಾಳೆಲೆ ಒರೆಸುತ್ತಿದ್ದರು. ಪೂರ್ತಿ ಓದಿದೆ. ಕೈ ನಿಲ್ಲಲಿಲ್ಲ. ‘ಎಂಟು ಮೂಟೆ, ಹೌದು’ ಎಂದರು.

ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. 1984ರ ಯುಗಾದಿಗೆ ಬಂದಾಗ ಅಪ್ಪ ಹೇಳಿದ್ದರಂತೆ, ಇನ್ನು ಎಂಟು ವರ್ಷ ಆ ಒಂದು ಮನೆಯನ್ನು ಕಳೆದು ಲೆಕ್ಕ ಹಾಕು ಎಂದು. ಅಮ್ಮ ಒಪ್ಪಲಿಲ್ಲವಂತೆ, ಒಂದು ದಿನ ಅಡಿಗೆ ಮಾಡಲಿಲ್ಲವಂತೆ. ಬೆಂಡೋಲೆ ಅಡವಿಟ್ಟ ವರ್ಷ ಕಾರ್ಡಿನಲ್ಲಿ ಬೈದು ಬರೆದೂ ಇದ್ದರಂತೆ. ಮತ್ತೆ ಹುಡುಕಿದೆ, ಆ ಕಾರ್ಡು ಸಿಕ್ಕಿತು. ‘ಅವರಿಗೆ ಮೂಟೆ ಹೋಯಿತು, ನನಗೆ ಓಲೆ ಹೋಯಿತು. ನಿಮಗೆ ಏನು ಹೋಯಿತು?’ ಎಂದಿದೆ. ಅದರ ಅಂಚಿನಲ್ಲೂ ಚುಕ್ಕಿ ತಗ್ಗುಗಳಿವೆ. ಅದನ್ನೂ ಸಂದಿಗೆ ಇಳಿಬಿಟ್ಟು ಕಿವಿಗೊಟ್ಟು ಕೇಳಿದ್ದಾರೆ.

ನಮಗೇಕೆ ಹೇಳಲಿಲ್ಲ ಎಂದು ಕೇಳಿದೆ. ಅದಕ್ಕೆ ಅಮ್ಮ ಆ ತಂತಿಯ ವಿಷಯ ಹೇಳಿದರು.

ಅಣ್ಣ, 1983ರ ಸಂಕ್ರಾಂತಿಯ ಮರುವಾರ ನಿನಗೆ ಟೈಫಾಯಿಡ್ ಬಂದಿತ್ತು. ಹದಿನಾಲ್ಕು ವರ್ಷ ನಿನಗೆ. ಜ್ವರ ಇಳಿಯಲಿಲ್ಲ, ಮಾತು ತೊದಲುತ್ತಿತ್ತು. ತಂತಿ ಕೊಟ್ಟದ್ದು ಮಾವ. ಮಗ ದೊಡ್ಡವನಾಗುವವರೆಗೆ ಹೇಳುವುದು ಬೇಡ, ತನ್ನ ಜ್ವರದಿಂದ ಹೀಗಾಯಿತು ಎಂದುಕೊಂಡಾನು, ಎಂದರಂತೆ ಅಪ್ಪ. ಆಮೇಲೆ ನೀನು ದೊಡ್ಡವನಾದೆ, ಮಾತು ಬಿಟ್ಟೆ. ಆಗ ಹೇಳಿದರೆ ಲೆಕ್ಕ ಒಪ್ಪಿಸಿದ ಹಾಗಾಗುತ್ತದೆ ಎಂದು ಸುಮ್ಮನಾದರಂತೆ.

ಅಮ್ಮ ಕೇಳಿದ್ದು ಒಂದೇ: ‘ಆ ದೊಡ್ಡ ಮಿಷನ್ ಈಗಲೂ ಇದೆಯೇ ಕೇಳು.’

ಭದ್ರೆಯ ಆಚೆ

ಇದೆ ಅಕ್ಕ. ಓಡಿಸಿ ಒಂಬತ್ತು ವರ್ಷವಾಯಿತು, ಹೊಸ ಯಂತ್ರ ತಂದಿದ್ದೇವೆ. ಹಳೆಯದು ಪಲ್ಪರ್ ಮನೆಯ ಮೂಲೆಯಲ್ಲಿ 1992ರಲ್ಲಿ ಮೇಸ್ತ್ರಿಯೇ ಸುತ್ತಿದ ತಗಡಿನೊಂದಿಗೆ ಹಾಗೆಯೇ ಇದೆ. ಗುಜರಿಯವರು ತಾಮ್ರಕ್ಕಾಗಿ ಎರಡು ಸಲ ಬಂದಿದ್ದರು, ತಂದೆ ಕೊಡಲಿಲ್ಲ. ಅಮ್ಮನನ್ನು ಕರೆದುಕೊಂಡು ಬನ್ನಿ. ಒಂದು ದಿನ ಮುಂಚೆ ತಿಳಿಸಿದರೆ ಕಡುಬು ಮಾಡಿಸಿಡುತ್ತೇವೆ.

ಲೇತ್ ಮನೆ

ಹೋಗುವವರು ಡ್ರಮ್ಮಿನ ಬುಷ್ ನೋಡಿ ಬನ್ನಿ. ಆ ನಾಲ್ಕು ಸಲ ವಾಪಸು ಬಂದದ್ದು ಅದೇ ಇರಬಹುದು.

ಹಿರಿಯವನು

ಆ ಜ್ವರ ನನಗೆ ನೆನಪಿದೆ. ಕಣ್ಣು ಬಿಟ್ಟಾಗ ಅಪ್ಪ ಪಕ್ಕದಲ್ಲಿ ಕೂತಿದ್ದರು. ಹಣೆ ಮುಟ್ಟಿದ ಕೈಯಲ್ಲಿ ಹುಳಿವಾಸನೆ, ಪಲ್ಪರ್ ತೊಟ್ಟಿಯದು. ಕೈ ತೊಳೆದು ಬಾ ಎಂದು ಹೇಳಿದ್ದೆ ಅವರಿಗೆ.

ಶುಲ್ಕದ ಕಿಟಕಿಯ ಮುಂದೆ ನಿಂತದ್ದು ಇದರಿಂದ ಅಳಿಸಿಹೋಗುವುದಿಲ್ಲ. ಅದೂ ಇರಲಿ, ಇದೂ ಇರಲಿ.

ತಂಗೀ, ಶನಿವಾರ ರಾತ್ರಿ ಊರಿಗೆ ಬರುತ್ತೇನೆ. ಭಾನುವಾರ ಆರು ಗಂಟೆಗೆ ಹೊರಟರೆ ಬೇಲೂರು, ಚಿಕ್ಕಮಗಳೂರು, ಆಲ್ದೂರಿನ ಮೇಲೆ ಹೋಗಬಹುದು, ಅಮ್ಮನಿಗೆ ತಿರುವುಗಳಲ್ಲಿ ವಾಂತಿಯಾಗುತ್ತದೆ, ನಿಂಬೆಹಣ್ಣು ಇಟ್ಟುಕೋ. ಆ ಕಾರ್ಡುಗಳ ಕಟ್ಟನ್ನೂ ತೆಗೆದುಕೋ.

ಭದ್ರೆಯ ಆಚೆಯವರೇ, ನಾವು ನಾಲ್ಕು ಜನ. ಮನೆಯಲ್ಲಿ ನಾಯಿ ಇದ್ದರೆ ದಯವಿಟ್ಟು ಕಟ್ಟಿರಿ.